ನಕ್ಷೆಯಲ್ಲಿ ಬಿಳಿ ಬಿಟ್ಟ ಜಾಗ

ಮಾರ್ಚ್ 4, ಮಂಗಳವಾರ

ಬಂದು ಸೇರಿದೆ. ಕೊಟ್ಟಿರುವುದು ತಗಡಿನ ಕೋಣೆ, ಸಾಲಾಗಿ ನಿಲ್ಲಿಸಿದ ಹನ್ನೆರಡರಲ್ಲಿ ಏಳನೆಯದು. ಒಂದು ಮಂಚ, ಒಂದು ಮೇಜು, ಒಂದು ಕಾಲು ಗಿಡ್ಡವಾದ ಕುರ್ಚಿ. ಕಿಟಕಿಯಿಂದ ಕೈ ಚಾಚಿದರೆ ಪಕ್ಕದ ಕೋಣೆಯ ಗೋಡೆ ಸಿಗುತ್ತದೆ. ಬಂದ ತಕ್ಷಣ ಕೋಣೆಯನ್ನು ಅಳೆದೆ. ಮೂರು ಮೀಟರ್ ನಲವತ್ತು, ಎರಡು ಮೀಟರ್ ಮೂವತ್ತು. ಮೂವತ್ತನಾಲ್ಕು ವರ್ಷ ಸರ್ವೇಯರ್ ಆಗಿದ್ದವನ ಚಟ.

ಇನ್ನೊಂದು ಚಟವೂ ಇದೆ. ಹೆಂಡತಿ ಇದ್ದಾಗ ದಿನಾ ಸಂಜೆ "ಇವತ್ತು ಏನೇನಾಯ್ತು?" ಅಂತ ಕೇಳುತ್ತಿದ್ದಳು. ನಾನು "ಏನಿಲ್ಲ" ಅಂತಲೇ ಶುರುಮಾಡಿ ಅರ್ಧ ಗಂಟೆ ಹೇಳುತ್ತಿದ್ದೆ. ಅವಳು ಹೋಗಿ ಎರಡು ವರ್ಷವಾಯಿತು. ಕೇಳುವವರಿಲ್ಲ, ಹೇಳುವ ಚಟ ಮಾತ್ರ ಹೋಗಿಲ್ಲ. ಅದಕ್ಕೇ ಈ ಪುಸ್ತಕ ಇಟ್ಟುಕೊಂಡಿದ್ದೇನೆ.

ಕೆಲಸ ಇಷ್ಟು. ಇಲ್ಲಿ ತಾಮ್ರದ ಗಣಿ ಬರುತ್ತಿದೆ. ಎರಡು ಕಂಪನಿಗಳು ಕೂಡಿ ತೆಗೆಯುತ್ತಿವೆ. ಲೈಸೆನ್ಸು ಒಬ್ಬರದು, ಯಂತ್ರಗಳು, ಎಂಜಿನಿಯರುಗಳು ದೂರದಿಂದ ಬಂದ ಇನ್ನೊಬ್ಬರದು. ಕ್ಯಾಂಟೀನಿನಲ್ಲಿ ಮೊದಲಿನವರಿಗೆ ಹೆಣ್ಣಿನ ಕಡೆಯವರು, ಎರಡನೆಯವರಿಗೆ ಗಂಡಿನ ಕಡೆಯವರು ಅಂತ ಹೆಸರಿಟ್ಟಿದ್ದಾರೆ. "ಮದುವೆ ಆಗಿದೆ ಸಾರ್, ಸಂಸಾರ ಇನ್ನೂ ಹೂಡಿಲ್ಲ" ಅಂದ ಅಡುಗೆಯವನು.

ಈ ಗುಡ್ಡದಲ್ಲಿ ಎಲ್ಲರಿಗಿಂತ ಮೊದಲಿಂದ ಇರುವ ಜನ ಬೇರೆ. ಅವರ ಭಾಷೆ ಬೇರೆ, ರೀತಿ ಬೇರೆ. ಅವರ ಒಪ್ಪಿಗೆಯಿಲ್ಲದೆ ಒಂದು ಹೆಂಟೆ ಮಣ್ಣನ್ನೂ ಕದಲಿಸುವುದಿಲ್ಲವೆಂದು ಎರಡೂ ಕಂಪನಿಗಳು ಬರೆದುಕೊಟ್ಟಿವೆ. ಗಣಿಯಿಂದ ಕಾರ್ಖಾನೆಗೆ ಹನ್ನೊಂದು ಕಿಲೋಮೀಟರ್ ರಸ್ತೆಯಾಗಬೇಕು. ಆ ದಾರಿಯನ್ನು ಅವರ ಜೊತೆ ನಡೆದು, ಅವರು ಬೇಡವೆಂದ ಜಾಗಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸುವುದು ನನ್ನ ಪಾಲಿಗೆ ಬಂದದ್ದು. ಎರಡು ತಿಂಗಳ ಕೆಲಸ. ಕಾಗದದ ಮೇಲೆ ಸುಲಭವಾಗಿದೆ.

ಮಗಳು ಎರಡು ಸಲ ಫೋನ್ ಮಾಡಿದ್ದಳು. ಇಲ್ಲಿ ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಬಿಟ್ಟರೆ ಎಲ್ಲೂ ಸಿಗ್ನಲ್ ಇಲ್ಲ. "ತಲುಪಿದೆ" ಅಂತ ಮೆಸೇಜ್ ಹಾಕಿದೆ.

ಮಾರ್ಚ್ 6, ಗುರುವಾರ

ಮೊದಲ ದಿನದ ನಡಿಗೆ. ಗುಡ್ಡದವರು ಇಬ್ಬರನ್ನು ಕಳಿಸಿದ್ದರು. ಒಬ್ಬಳು ಎಪ್ಪತ್ತು ದಾಟಿದ ಮುದುಕಿ. ಇನ್ನೊಬ್ಬಳು ಅವಳ ತಮ್ಮನ ಮಗಳು, ಅವರ ಶಾಲೆಯ ಟೀಚರ್. ಎರಡೂ ಮಾತು ಬಲ್ಲವಳು, ಹಾಗಾಗಿ ನಮ್ಮ ನಡುವೆ ಅವಳೇ ಸೇತುವೆ. ಮುದುಕಿಯ ಹೆಸರು ಕೇಳಿದೆ. "ಹೆಸರು ಆಮೇಲೆ, ಮೊದಲು ನಡೀರಿ ಅಂತಿದಾರೆ" ಅಂದಳು ಟೀಚರ್. ಇಡೀ ದಿನ ಮುದುಕಿ ನನಗಿಂತ ಐವತ್ತು ಹೆಜ್ಜೆ ಮುಂದೆಯೇ ಇದ್ದಳು. ಕ್ಯಾಂಪಿನವರು ಆಗಲೇ ಅವಳಿಗೆ ಮುಂದಿನಕ್ಕ ಅಂತ ಹೆಸರಿಟ್ಟಿದ್ದಾರೆ. ನನ್ನನ್ನು ಹಿಂದಿನಣ್ಣ ಅನ್ನುತ್ತಾರೋ ಏನೋ, ನನ್ನ ಕಿವಿಗೆ ಬಿದ್ದಿಲ್ಲ.

ಮೊದಲ ಒರತೆ ಎಷ್ಟು ದೂರ ಅಂತ ಕೇಳಿದ್ದಕ್ಕೆ, "ಹೆಗಲ ಮೇಲಿನ ಮಗು ನಿದ್ದೆ ಹೋಗೋವಷ್ಟು ದೂರ" ಅಂದಳಂತೆ.

"ಮಗು ಸಾಧುವೋ, ಹಟಮಾರಿಯೋ?" ಅಂದೆ.

ಟೀಚರ್ ಅದನ್ನೂ ತಿರುಗಿಸಿ ಹೇಳಿದಳು. ಮುದುಕಿ ನಿಂತು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನೋ ಹೇಳಿ ಮುಂದೆ ಹೋದಳು.

"ನಿಮ್ಮಂಥ ಮಗು ಅಂತೆ" ಅಂದಳು ಟೀಚರ್, ಸೆರಗನ್ನು ಬಾಯಿಗಿಟ್ಟುಕೊಂಡು.

ಎರಡು ಕಿಲೋಮೀಟರ್ ನಾನೂರು ಮೀಟರ್ ಆಯಿತು.

ಮಾರ್ಚ್ 7, ಶುಕ್ರವಾರ

ಮಂಡಿ ನೋವು. ಎಣ್ಣೆ ಹಚ್ಚಿದೆ. ಬೇರೇನಿಲ್ಲ.

ಮಾರ್ಚ್ 12, ಬುಧವಾರ

ನಾಲ್ಕು ಕಿಲೋಮೀಟರ್ ಮುಗಿಯಿತು. ನಕ್ಷೆಯಲ್ಲಿ ಇದುವರೆಗೆ ಮೂರು ಒರತೆ, ಜೇನು ಕಟ್ಟುವ ಒಂದು ಬಂಡೆ, ಹೆಂಗಸರು ಗೆಡ್ಡೆ ಅಗೆಯುವ ಒಂದು ಬಯಲು. ಮೂರನೆಯ ಒರತೆಯಲ್ಲಿ ನೀರಿನ ಪಸೆಯೂ ಇರಲಿಲ್ಲ. "ಒಣಗಿದ್ದನ್ನೂ ಹಾಕಬೇಕಾ?" ಅಂದೆ. "ಒಣಗಿಲ್ಲ, ಸುಮ್ಮನಿದೆ" ಅಂದಳು ಮುಂದಿನಕ್ಕ. ಹಾಕಿದೆ.

ಐದನೆಯ ಕಿಲೋಮೀಟರಿನ ಹತ್ತಿರ ಮಳೆ ನೀರು ಎಡಗಡೆಯಿಂದ ಬಂದು ಅಡ್ಡ ಹರಿಯುತ್ತದೆ ಅಂದಳು. ನನ್ನ ಹಳೆಯ ನಕ್ಷೆ ಬಲಗಡೆಯಿಂದ ಅನ್ನುತ್ತಿತ್ತು. ಅವರಿಬ್ಬರೂ ಬುತ್ತಿ ಬಿಚ್ಚಿದಾಗ ನಾನು ಸ್ಟ್ಯಾಂಡ್ ಹೂಡಿ ಮಟ್ಟ ನೋಡಿದೆ. ಎಡಗಡೆಯೇ ಹದಿನೆಂಟು ಸೆಂಟಿಮೀಟರ್ ಎತ್ತರ. ಯಾರಿಗೂ ಹೇಳಲಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಾಯಿತು ಅಂತ ಕಾಣುತ್ತದೆ, ತನ್ನ ಬುತ್ತಿಯಿಂದ ಒಂದು ತುಂಡು ಬೇಯಿಸಿದ ಗೆಡ್ಡೆ ತೆಗೆದು ನನ್ನ ಕೈಗಿಟ್ಟಳು. ಮಣ್ಣಿನ ವಾಸನೆ ಇತ್ತು, ಆಮೇಲೆ ಸಿಹಿ.

ಮಗಳು ಮತ್ತೆ ಫೋನ್ ಮಾಡಿದ್ದಳು. ಟ್ಯಾಂಕಿನ ಹತ್ತಿರವೇ ಇದ್ದೆ. ಎತ್ತಲಿಲ್ಲ. "ಕೆಲಸದಲ್ಲಿದ್ದೇನೆ, ಆರೋಗ್ಯ ನೋಡಿಕೋ" ಅಂತ ಬರೆದೆ. ಎತ್ತಿದರೆ ಅವಳು ಒಂದೆರಡು ಮಾತು ಆಡಿ ಸುಮ್ಮನಾಗುತ್ತಾಳೆ. ಆ ಮೌನದಲ್ಲಿ ಏನು ಮಾಡಬೇಕೋ ನನಗೆ ತಿಳಿಯುವುದಿಲ್ಲ.

ಮಾರ್ಚ್ 18, ಮಂಗಳವಾರ

ಏಳನೆಯ ಕಿಲೋಮೀಟರ್. ಎಂಜಿನಿಯರುಗಳು ಎಳೆದಿರುವ ಗೆರೆ ಇಲ್ಲಿ ಹಳ್ಳ ದಾಟಿ, ಒಂದು ಇಳಿಜಾರಿನ ನಡುವೆ ನೇರ ಹೋಗುತ್ತದೆ. ರಸ್ತೆಗೆ ಹೇಳಿಮಾಡಿಸಿದ ನೆಲ. ಹಳ್ಳದ ಈಚೆಗೇ ಮುಂದಿನಕ್ಕ ನಿಂತಳು. ಅವಳು ತಾನಾಗಿ ನಿಂತದ್ದನ್ನು ನಾನು ನೋಡಿದ್ದು ಇದೇ ಮೊದಲು.

"ಇಲ್ಲಿಂದ ಆಚೆ ಅತ್ತೆ ಒಬ್ಬರೇ ಹೋಗ್ತಾರೆ" ಅಂದಳು ಟೀಚರ್. "ನೀವು ಆ ಬಂಡೆ ಮೇಲೆ ಕೂತ್ಕೊಳ್ಳಿ. ಈ ಕಡೆ ಮುಖ ಮಾಡಿ."

"ಆಚೆ ಏನಿದೆ?"

"ಅದನ್ನ ಹೇಳೋ ಹಾಗಿಲ್ಲ. ಈ ಜಾಗ ನಕ್ಷೆಗೂ ಬೇಡ, ರಸ್ತೆಗೂ ಬೇಡ."

"ನಕ್ಷೆಯಲ್ಲಿ ಇಲ್ಲದ್ದನ್ನ ಉಳಿಸೋದು ಹೇಗಮ್ಮ?"

ಅವಳೂ ಈ ಕಡೆ ಮುಖ ಮಾಡಿ ಕೂತಳು.

ನಾನು ಕೂತೆ. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದೆ. ಇಳಿಜಾರಿನಲ್ಲಿ ಗಿಡ್ಡ ಗಿಡ್ಡ ಮರಗಳು. ಅವುಗಳ ಬುಡದಲ್ಲಿ ಮುಂದಿನಕ್ಕ ಬಗ್ಗಿ, ಒಂದು ಕಡೆ ನೆಲಕ್ಕೆ ಅಂಗೈ ಊರಿ ಇಟ್ಟಳು. ಎದ್ದು ನಾಲ್ಕು ಹೆಜ್ಜೆ ನಡೆದು ಇನ್ನೊಂದು ಕಡೆ ಇಟ್ಟಳು. ಉಪಕರಣ ಪಕ್ಕದಲ್ಲೇ ಸ್ಟ್ಯಾಂಡಿನ ಮೇಲಿತ್ತು. ಅದರ ಕಣ್ಣನ್ನು ಅತ್ತ ತಿರುಗಿಸಿ ಗುಂಡಿ ಒತ್ತಿದೆ. ಆ ಜಾಗದ ಅಳತೆಯನ್ನು ಇನ್ನೂರ ಹನ್ನೆರಡನೇ ಬಿಂದು ಅಂತ ಅದು ಬರೆದುಕೊಂಡಿತು. ಟೀಚರ್ ನೋಡಲಿಲ್ಲ.

ಬೇಕೆಂದು ಮಾಡಿದ್ದಲ್ಲ ಅಂತ ಬರೆಯಲು ಹೊರಟಿದ್ದೆ. ಸುಳ್ಳು ಬರೆದು ಯಾರಿಗೆ ತೋರಿಸಬೇಕು? ಅಳತೆಗೆ ಸಿಗದ ಜಾಗ ಅಂದರೆ ನನಗೆ ಆಗುವುದಿಲ್ಲ, ಅಷ್ಟೇ.

ಮಾರ್ಚ್ 19, ಬುಧವಾರ

ಹೆಣ್ಣಿನ ಕಡೆಯ ಮ್ಯಾನೇಜರ್ ಕರೆಸಿದ್ದರು. ಜೊತೆಗೆ ಗಂಡಿನ ಕಡೆಯ ರಸ್ತೆ ಎಂಜಿನಿಯರ್. ಆಕೆಗೆ ಮೂವತ್ತೈದು ಇರಬಹುದು. ಕೆಸರು ಮೆತ್ತಿದ ಬೂಟುಗಳಲ್ಲೇ ಕಚೇರಿಗೆ ಬರುತ್ತಾಳೆ, ಮಾತು ನೇರ. ಎರಡೂ ಕಡೆಯವರು ಅಪರೂಪಕ್ಕೆ ಒಂದೇ ಮಾತಾಡಿದರು. ಗುಡ್ಡದವರು ಏನಾದರೂ ಉಳಿಸಬೇಕು ಅಂದರೆ ಅದೇನು, ಎಲ್ಲಿ ಅಂತ ಗೊತ್ತಾಗಬೇಕು. "ಸುಮ್ಮನೆ ಬೇಡ ಅಂದ್ರೆ ನಾಳೆ ಇಡೀ ಗುಡ್ಡ ಬೇಡ ಅಂತಾರೆ" ಅಂದರು ಮ್ಯಾನೇಜರ್.

ಬಿಂದುವಿನ ವಿಷಯ ನಾನು ಎತ್ತಲಿಲ್ಲ.

ಮಾರ್ಚ್ 21, ಶುಕ್ರವಾರ

ಬೆಳಗ್ಗೆ ನಡಿಗೆಗೆ ಹೊರಟಾಗ ಮುಂದಿನಕ್ಕ ಮುಂದೆ ಹೋಗಲಿಲ್ಲ. ಶಾಲೆಯ ಜಗಲಿಯ ಮೇಲೆ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿ, ನನ್ನನ್ನು ಕೂರಲು ಹೇಳಿದಳು. ಒಳಗೆ ಮಕ್ಕಳು ಒಟ್ಟಿಗೆ ಏನೋ ಓದುತ್ತಿದ್ದರು. ಟೀಚರ್ ಅವರಿಗೆ ಕೆಲಸ ಹಚ್ಚಿ ಹೊರಗೆ ಬಂದಳು.

ಮುಂದಿನಕ್ಕ ನಿಧಾನವಾಗಿ ಹೇಳಿದಳು. ಟೀಚರ್ ಅವಳ ಮಾತನ್ನು ಹಾಗೇ ಹಾಗೇ ತಂದಳು.

"ನೀನು ನೀರಿನ ಮಟ್ಟ ಎರಡು ಸಲ ನೋಡ್ತೀಯ. ಸುಮ್ಮನಿರೋ ಒರತೆನೂ ಬರ್ಕೊಂಡೆ. ಅದಕ್ಕೆ ನಿನಗೆ ಹೇಳ್ತೀನಿ. ಆಚೆ ಇಳಿಜಾರಲ್ಲಿ ಮಕ್ಕಳಿದಾವೆ. ಹುಟ್ಟುತ್ತಲೇ ಹೋದವು, ಹುಟ್ಟೋಕೆ ಮುಂಚೆ ಹೋದವು. ಅವಕ್ಕೆ ಕಲ್ಲು ಇಡಲ್ಲ, ಗುರುತು ಇಡಲ್ಲ. ತಾಯಿಗೆ ಗೊತ್ತಿರುತ್ತೆ, ಅವಳ ಜೊತೆ ಹೋದ ಹೆಂಗಸಿಗೆ ಗೊತ್ತಿರುತ್ತೆ. ಗಂಡಸರು ನೋಡಲ್ಲ. ನನ್ನವೂ ಎರಡು ಇದಾವೆ."

ನಾನು ಏನನ್ನಾದರೂ ಕೇಳಲೇಬೇಕೆಂದು, "ಗುರುತು ಯಾಕಿಡಲ್ಲ?" ಅಂದೆ.

"ದೊಡ್ಡವರು ಸತ್ತರೆ ಊರಿಗೆಲ್ಲ ಸೇರ್ತಾರೆ. ಆ ಮಕ್ಕಳನ್ನ ಊರು ಕಂಡಿರಲಿಲ್ಲವಲ್ಲ. ತಾಯಿ ಒಬ್ಬಳೇ ಕಂಡಿದ್ದು. ಅವಳಿಂದ ಅದನ್ನ ಕಿತ್ಕೊಂಡು ಊರಿಗೆಲ್ಲ ಯಾಕೆ ತೋರಿಸ್ಬೇಕು?"

ಆಮೇಲೆ ಎದ್ದು ಹೊರಟಳು. ಇವತ್ತು ಎಂಟನೆಯ ಕಿಲೋಮೀಟರ್ ನೋಡಬೇಕಿತ್ತು. ನೋಡಿದೆವೋ ಇಲ್ಲವೋ, ಅಳತೆಯ ಪುಸ್ತಕದಲ್ಲಿ ಟಿಪ್ಪಣಿ ಇದೆ, ನನಗೆ ಸರಿಯಾಗಿ ನೆನಪಿಲ್ಲ.

ಮಾರ್ಚ್ 22, ಶನಿವಾರ

ಬರೆಯಲು ಏನಿಲ್ಲ.

ಮಾರ್ಚ್ 23, ಭಾನುವಾರ

ರಜೆ. ಬಟ್ಟೆ ಒಗೆದೆ. ಕುರ್ಚಿಯ ಗಿಡ್ಡ ಕಾಲಿಗೆ ಮರದ ತುಂಡು ಕಟ್ಟಿದೆ. ಮಾಡಲು ಬೇರೇನೂ ಉಳಿಯದಾಗ ಕೂತು ಬರೆಯುತ್ತಿದ್ದೇನೆ.

ಕಳೆದ ಆಗಸ್ಟಿನಲ್ಲಿ ಮಗಳಿಗೆ ದಿನ ತುಂಬಿತ್ತು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಅಳಿಯ ದೂರದಲ್ಲಿದ್ದ, ಬಂದದ್ದು ಮರುದಿನ. ಹೆಂಡತಿಯಂತೂ ಇರಲಿಲ್ಲ. ಆಸ್ಪತ್ರೆಯಲ್ಲಿ ನಾನೊಬ್ಬನೇ.

ನಾನು ಏನು ಮಾಡಿದೆ? ಕಾಗದಪತ್ರ ನೋಡಿಕೊಂಡೆ. ಔಷಧಿ ತಂದೆ. ನರ್ಸ್ ಬಂದು "ಮಗುವನ್ನ ನೋಡ್ತೀರಾ?" ಅಂತ ಕೇಳಿದಳು. "ಆಮೇಲೆ" ಅಂದೆ. ಒಂದು ಫಾರ್ಮ್ ಕೊಟ್ಟರು, ತುಂಬಿದೆ. ಹೆಣ್ಣು. ತೂಕ ಎರಡು ಕಿಲೋ ಒಂಬೈನೂರು ಗ್ರಾಂ. ಸಮಯ ಬೆಳಗ್ಗೆ ಹತ್ತು ಇಪ್ಪತ್ತು. ಎಲ್ಲ ಸರಿಯಾಗಿ, ದುಂಡಗಿನ ಅಕ್ಷರದಲ್ಲಿ. ಹೆಸರು ಅನ್ನುವ ಕಡೆ ಒಂದು ಗೆರೆ ಎಳೆದೆ. ಎದುರಿನ ಕೋಣೆಯಲ್ಲಿ ಮಗಳು ಎಚ್ಚರವಾಗಿಯೇ ಮಲಗಿದ್ದಳು. ಹತ್ತು ಹೆಜ್ಜೆ. ಹೋಗಿ ಕೇಳಲಿಲ್ಲ.

ಆಮೇಲೆ ಅನ್ನುವುದು ಬರಲಿಲ್ಲ. ಮಗುವನ್ನು ನಾನು ನೋಡಲಿಲ್ಲ.

ಮನೆಗೆ ಬಂದ ಮೇಲೆ ಅವರ ಸೋರುವ ನಲ್ಲಿ ರಿಪೇರಿ ಮಾಡಿದೆ, ಬಾಗಿಲಿನ ತಿರುಗಣಿಗೆ ಎಣ್ಣೆ ಬಿಟ್ಟೆ. ಮಗಳು ಎರಡು ಮೂರು ಸಲ ಮಾತು ಶುರುಮಾಡಿದಳು. "ಆದದ್ದಾಯ್ತು, ನಿನ್ನ ಆರೋಗ್ಯ ನೋಡಿಕೋ" ಅಂದೆ. ಆಮೇಲೆ ಅವಳು ಶುರುಮಾಡಲಿಲ್ಲ.

ಮಾರ್ಚ್ 24, ಸೋಮವಾರ

ಎಂಜಿನಿಯರ್ ನನ್ನ ಕೋಣೆಗೇ ಬಂದಳು. ಒಂದೇ ಕುರ್ಚಿ, ಅದನ್ನು ಅವಳಿಗೆ ಕೊಟ್ಟು ನಾನು ಮಂಚದ ಮೇಲೆ ಕೂತೆ. ಏಳನೆಯ ಕಿಲೋಮೀಟರಿನ ನಕ್ಷೆಯನ್ನು ಮಂಚದ ಮೇಲೇ ಹರಡಿದಳು.

"ನಾನೇನು ಅವರ ವೈರಿ ಅಲ್ಲ" ಅಂದಳು. "ಒಂದೇ ಒಂದು ಬಿಂದು ಕೊಡಿ. ಅಲ್ಲಿ ಏನಿದೆ ಅಂತಲೂ ನಾನು ಕೇಳಲ್ಲ. ಅದರ ಸುತ್ತ ಐವತ್ತು ಮೀಟರ್ ಬಿಟ್ಟು, ಬೇಲಿ ಹಾಕಿಸಿ, ಬೋರ್ಡ್ ನಿಲ್ಲಿಸ್ತೀನಿ. ರಸ್ತೆ ಪಕ್ಕದಲ್ಲೇ ನೇರ ಹೋಗುತ್ತೆ. ಎಲ್ಲರಿಗೂ ಒಳ್ಳೇದು."

ಬಿಂದು ನನ್ನ ತಲೆದಿಂಬಿನ ಪಕ್ಕ ಪೆಟ್ಟಿಗೆಯಲ್ಲಿಟ್ಟ ಉಪಕರಣದಲ್ಲೇ ಇತ್ತು. ಕೊಟ್ಟಿದ್ದರೆ ಐದು ನಿಮಿಷದ ಕೆಲಸ. ಅವಳು ಹೇಳಿದ್ದರಲ್ಲಿ ಮೋಸವೂ ಇರಲಿಲ್ಲ. ಬೇಲಿ, ಬೋರ್ಡು, ಪಕ್ಕದಲ್ಲಿ ದಿನಕ್ಕೆ ನೂರು ಲಾರಿ. ಯಾರೋ ಲಾರಿ ನಿಲ್ಲಿಸಿ, ಇಳಿದು, ಇದೇನಪ್ಪ ಅಂತ ಬೋರ್ಡು ಓದುವುದು.

ಎರಡು ದಿನ ಕೊಡಿ ಅಂದೆ. ಹೋಗುವಾಗ ಕುರ್ಚಿಯ ಕಾಲು ನೋಡಿ, "ಚೆನ್ನಾಗಿ ಕಟ್ಟಿದೀರಿ" ಅಂದಳು.

ಮಾರ್ಚ್ 25, ಮಂಗಳವಾರ

ಉಪಕರಣವನ್ನು ಹೊತ್ತುಕೊಂಡೇ ಶಾಲೆಗೆ ಹೋದೆ. ಮುಂದಿನಕ್ಕ ಅಂಗಳದಲ್ಲಿ ಗೆಡ್ಡೆಗಳ ಮಣ್ಣು ಬಿಡಿಸುತ್ತಿದ್ದಳು. ಟೀಚರನ್ನು ಕರೆದೆ. ಹೇಳಿಬಿಟ್ಟೆ. ಆವತ್ತು ತಿರುಗಿ ನೋಡಿದೆ, ಇದರಲ್ಲಿ ಬರೆದಿಟ್ಟುಕೊಂಡೆ, ಇಷ್ಟು ದಿನ ಮುಚ್ಚಿಟ್ಟೆ ಅಂತ.

ಟೀಚರ್ ಅದನ್ನು ತಿರುಗಿಸಿ ಹೇಳಲು ಬಹಳ ಹೊತ್ತು ತೆಗೆದುಕೊಂಡಳು. ಅವಳ ಮುಖ ಕೆಂಪಾಗಿತ್ತು. ನನ್ನ ಮೇಲಿನ ಸಿಟ್ಟೋ, ಹೇಳಬೇಕಾಗಿ ಬಂದ ಸಂಕಟವೋ.

ಮುಂದಿನಕ್ಕ ನನ್ನನ್ನು ನೋಡಲಿಲ್ಲ, ಉಪಕರಣವನ್ನು ನೋಡಿದಳು. "ಅಳಿಸ್ತೀಯಾ?"

"ನಿಮ್ಮೆದುರೇ ಅಳಿಸ್ತೀನಿ."

"ನಿನ್ನ ತಲೆಯಿಂದ ಹೋಗುತ್ತಾ?"

ಸುಳ್ಳು ಹೇಳಲು ಆಗಲಿಲ್ಲ. "ಇಲ್ಲ" ಅಂದೆ.

ಅವಳು ಒಂದು ಗೆಡ್ಡೆಯನ್ನು ಪೂರ್ತಿ ಬಿಡಿಸಿ ಮುಗಿಸಿದಳು. "ತಲೆಯಲ್ಲಿದ್ದರೆ ಇರಲಿ. ನಿನ್ನ ಕೈಗೆ ಬರಬಾರದು, ಬಾಯಿಗೆ ಬರಬಾರದು" ಅಂದಳು.

ಪರದೆಯನ್ನು ಅವರಿಬ್ಬರ ಕಡೆ ತಿರುಗಿಸಿ ಅಳಿಸಿದೆ. ಇನ್ನೂರ ಹನ್ನೊಂದಾದ ಮೇಲೆ ಇನ್ನೂರ ಹದಿಮೂರು. ಮುಂದಿನಕ್ಕ ಎದ್ದು ಒಳಗೆ ಹೋದಳು. "ನಾಳೆ ಬರ್ತಾರಾ?" ಅಂದೆ. "ಗೊತ್ತಿಲ್ಲ" ಅಂದಳು ಟೀಚರ್. ಅವಳು ಯಾವಾಗಲೂ ಹೇಳುವ 'ಸಾರ್' ಇವತ್ತು ಹೇಳಲಿಲ್ಲ.

ಮಾರ್ಚ್ 27, ಗುರುವಾರ

ಬಂದಿಲ್ಲ. ನಿನ್ನೆಯೂ ಇಲ್ಲ. ಎಂಜಿನಿಯರಿಗೆ ಬಿಂದು ಇಲ್ಲ ಅಂದೆ. "ಇಲ್ಲವೋ, ಕೊಡಲ್ಲವೋ?" ಅಂದಳು. "ಇಲ್ಲ" ಅಂದೆ. ಬುಧವಾರ ಶಾಲೆಯಲ್ಲಿ ಎಲ್ಲರೂ ಕೂರುವ ಸಭೆ, ಅಲ್ಲಿ ಮಾತಾಡೋಣ ಅಂದಳು. ಮ್ಯಾನೇಜರ್ ನನ್ನ ಜಾಗಕ್ಕೆ ಬೇರೆ ಸರ್ವೇಯರನ್ನು ಹುಡುಕುತ್ತಿದ್ದಾರಂತೆ. ಅಡುಗೆಯವನು ಹೇಳಿದ. ಹೇಳಿ ಇನ್ನೊಂದು ಸೌಟು ಬಡಿಸಿದ.

ಮಾರ್ಚ್ 29, ಶನಿವಾರ

ಸಂಜೆ ಬೆಳಕಿರುವಾಗಲೇ ಟ್ಯಾಂಕಿನ ಮೆಟ್ಟಿಲು ಹತ್ತಿ ಮಗಳಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಅಪ್ಪಾ, ಏನಾಯ್ತು? ಹುಷಾರಿದ್ದೀಯಾ?"

ನಾನಾಗಿ ಫೋನ್ ಮಾಡಿದರೆ ಏನೋ ಆಗಿರಲೇಬೇಕು ಅಂತ ಅವಳ ಲೆಕ್ಕ.

"ಹುಷಾರಾಗಿದ್ದೀನಿ. ಒಂದು ಮಾತು ಕೇಳಬೇಕಿತ್ತು."

"ಕೇಳು."

"ಆವತ್ತು ಆ ಫಾರ್ಮಿನಲ್ಲಿ ಹೆಸರಿನ ಕಡೆ ಗೆರೆ ಎಳೆದೆ. ನಿನ್ನ ಕೇಳಲಿಲ್ಲ."

ಅವಳು ಸುಮ್ಮನಾದಳು. ನಾನೂ ಸುಮ್ಮನೆ ನಿಂತೆ. ಕೆಳಗೆ ಯಾರೋ ಬಕೆಟ್ ತುಂಬುತ್ತಿದ್ದರು, ಅದು ತುಂಬಿ ಚೆಲ್ಲಿತು.

"ಗೊತ್ತು. ನೋಡಿದೀನಿ" ಅಂದಳು.

"ಹೆಸರು ಇತ್ತಾ?"

"ಇತ್ತು."

ಹೇಳಿದಳು. ಇಲ್ಲಿ ಬರೆಯುವುದಿಲ್ಲ. ನನಗೆ ಗೊತ್ತಿದೆ, ಸಾಕು.

"ಹೇಗಿದ್ದಳು?" ಅಂದೆ.

"ಹಣೆ ನಿಂದೇ ಅಪ್ಪ. ಅಷ್ಟಗಲ. ನೋಡಿ ನಗು ಬಂತು ನನಗೆ. ಯಾರಿಗೂ ಹೇಳಿಲ್ಲ, ಆ ಹೊತ್ತಲ್ಲಿ ನಗು ಬಂತು ಅಂದ್ರೆ ಏನಂದ್ಕೋತಾರೆ." ಈಗಲೂ ನಕ್ಕಳು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಆರೋಗ್ಯ ನೋಡಿಕೋ ಅಂತ ಬಾಯಿಯ ತುದಿಗೆ ಬಂದಿತ್ತು, ಹೇಳಲಿಲ್ಲ. ಮಗುವಿನ ಬೆರಳುಗಳು ಉದ್ದವಾಗಿದ್ದವು, ಅಜ್ಜಿಯ ಹಾಗೆ, ಅಂದಳು. ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು ಅಂದಳು. ನಾನು ಕೇಳುತ್ತಾ ಹೋದೆ, ಅವಳು ಹೇಳುತ್ತಾ ಹೋದಳು. ಫೋನಿನ ಬ್ಯಾಟರಿ ಮುಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಮಂಡಿ ನೋಯುತ್ತಿತ್ತೋ ಏನೋ, ಗಮನಿಸಲಿಲ್ಲ.

ಮಾರ್ಚ್ 31, ಸೋಮವಾರ

ಬೆಳಗ್ಗೆ ಬಾಗಿಲು ತೆಗೆದರೆ ಮುಂದಿನಕ್ಕ ನಿಂತಿದ್ದಳು. ಹಿಂದೆ ಟೀಚರ್, ಕಣ್ಣಲ್ಲಿ ಇನ್ನೂ ಅರ್ಧ ನಿದ್ದೆ. ಮುಂದಿನಕ್ಕ ನಡೆಯಲು ಶುರುಮಾಡಿದಳು. ನಾನು ಬೂಟಿನ ದಾರವನ್ನೂ ಕಟ್ಟದೆ ಓಡಿದೆ.

ಈ ಸಲ ಹಳ್ಳ ದಾಟಲಿಲ್ಲ. ಹಳ್ಳದ ಈಚೆ ದಂಡೆಯಲ್ಲೇ ಮೇಲಕ್ಕೆ, ಕಾಡುಪ್ರಾಣಿಗಳು ತುಳಿದ ಒಂದು ಸಣ್ಣ ಜಾಡು. ಗುಡ್ಡದ ಬೆನ್ನಿನ ಮೇಲೆ ಹೋಗಿ, ಸುತ್ತಿ, ಆಚೆ ಎಂಟೂವರೆ ಕಿಲೋಮೀಟರಿನ ಹತ್ತಿರ ಇಳಿಯಿತು. ಮಗು ನಿದ್ದೆ ಹೋಗಿ, ಎದ್ದು, ಮತ್ತೆ ನಿದ್ದೆ ಹೋಗುವಷ್ಟು ದೂರ. ಏರು ಎಲ್ಲೂ ನೂರಕ್ಕೆ ಎಂಟು ದಾಟುವುದಿಲ್ಲ. ಲಾರಿ ಹತ್ತುತ್ತದೆ. ಇಂಥ ಜಾಡು ನನ್ನ ನಕ್ಷೆಯಲ್ಲಾಗಲಿ, ವಿಮಾನದಿಂದ ತೆಗೆದ ಚಿತ್ರದಲ್ಲಾಗಲಿ ಇಲ್ಲ.

ಒಂದು ಕಡೆ ಮಾತ್ರ ಆ ಜಾಡು ಗೆಡ್ಡೆ ಅಗೆಯುವ ಇನ್ನೊಂದು ಬಯಲಿನ ಅಂಚನ್ನು ಕಡಿದುಕೊಂಡು ಹೋಗುತ್ತದೆ. ನಾನು ನಿಂತು ತೋರಿಸಿದೆ.

"ಅಕ್ಕನಿಗೆ ಗೊತ್ತು" ಅಂದಳು ಟೀಚರ್. ಅವಳೂ ಈಗ ಅತ್ತೆ ಅನ್ನುವುದು ಬಿಟ್ಟು ನನ್ನ ಲೆಕ್ಕದಲ್ಲಿ ಅಕ್ಕ ಅನ್ನುತ್ತಾಳೆ. "ಗೆಡ್ಡೆ ಬೇರೆ ಕಡೆನೂ ಬೆಳೆಯುತ್ತೆ ಅಂತಾರೆ."

ಹೇಳುವಾಗ ಅಕ್ಕ ಬಯಲನ್ನು ನೋಡುತ್ತಿರಲಿಲ್ಲ.

ಏಪ್ರಿಲ್ 2, ಬುಧವಾರ

ಸಭೆ ಶಾಲೆಯಲ್ಲೇ ಆಯಿತು. ದೊಡ್ಡವರೆಲ್ಲ ಮಕ್ಕಳ ಬೆಂಚಿನ ಮೇಲೆ. ಎಂಜಿನಿಯರಿನ ಮಂಡಿ ಅವಳ ಗದ್ದಕ್ಕೆ ತಾಗುತ್ತಿತ್ತು. ಮ್ಯಾನೇಜರ್ ನಿಂತೇ ಇದ್ದರು. ಗುಡ್ಡದ ಜನ ಅರವತ್ತರ ಮೇಲೆ ಬಂದಿದ್ದರು, ಹಿಂದೆ ಗೋಡೆಗೆ ಒರಗಿ ಹೆಂಗಸರು.

ನಾನು ಹೊಸ ನಕ್ಷೆ ತೂಗುಹಾಕಿದೆ. ಹಳ್ಳದಿಂದ ಆಚೆ ದಿಣ್ಣೆಯವರೆಗೆ ಇಡೀ ಇಳಿಜಾರನ್ನು ಬಿಳಿ ಬಿಟ್ಟಿದ್ದೆ. ಗೆರೆಯಿಲ್ಲ, ಬಿಂದುವಿಲ್ಲ, ಬಣ್ಣವಿಲ್ಲ. ರಸ್ತೆ ಅದರ ಹತ್ತಿರ ಸುಳಿಯದೆ ಗುಡ್ಡದ ಬೆನ್ನಿನ ಮೇಲೆ ಸುತ್ತಿ ಹೋಗುತ್ತದೆ. ಒಂದೂವರೆ ಕಿಲೋಮೀಟರ್ ಹೆಚ್ಚು.

"ಬಿಳಿ ಜಾಗದಲ್ಲಿ ಏನಿದೆ?" ಅಂದರು ಮ್ಯಾನೇಜರ್.

"ರಸ್ತೆ ಬರಬಾರದ ಜಾಗ."

"ಪುರಾವೆ?"

"ನಾನು ನೋಡಿದ್ದೇನೆ. ಏನು, ಎಲ್ಲಿ ಅಂತ ಹೇಳಲ್ಲ. ನೋಡಬಾರದಿತ್ತು, ನೋಡಿದೆ. ಕೆಳಗೆ ನನ್ನ ಸಹಿ ಇದೆ."

"ಸಹಿ ಪುರಾವೆ ಆಗುತ್ತೇನ್ರೀ?"

ಎಂಜಿನಿಯರ್ ಕಷ್ಟಪಟ್ಟು ಬೆಂಚಿನಿಂದ ಎದ್ದು ನಕ್ಷೆಯ ಹತ್ತಿರ ಬಂದಳು. ಹೊಸ ದಾರಿಯ ಏರನ್ನು ಬೆರಳಿಟ್ಟು ಓದಿದಳು. "ಈ ಮಟ್ಟಗಳು ಸರಿ ಇದಾವಾ?"

"ಎರಡು ಸಲ ನೋಡಿದೀನಿ."

"ಈ ಜಾಡು ಯಾರು ತೋರಿಸಿದ್ದು?"

ಅಕ್ಕನನ್ನು ತೋರಿಸಿದೆ. ಎಂಜಿನಿಯರ್ ಬಹಳ ಹೊತ್ತು ನಕ್ಷೆ ನೋಡಿದಳು. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, "ಇದುವರೆಗಿನ ಎಲ್ಲ ಕಿಲೋಮೀಟರಿಗೂ ಇವರ ಸಹಿ ಒಪ್ಕೊಂಡಿದೀವಿ. ಇದೊಂದಕ್ಕೆ ಬೇಡ ಅನ್ನೋಕೆ ನನಗೆ ಕಾರಣ ಕಾಣಲ್ಲ. ಒಪ್ಪಿಗೆ ಕೇಳ್ತೀವಿ ಅಂತ ಬರೆದುಕೊಟ್ಟವರು ನಾವು. ಬೇಡ ಅನ್ನೋದಕ್ಕೂ ಜಾಗ ಬಿಡಬೇಕಲ್ಲ" ಅಂದಳು.

ಮ್ಯಾನೇಜರ್ ಹೊರಗೆ ಹೋಗಿ, ಫೋನಿಗೆ ಸಿಗ್ನಲ್ ಸಿಗದೆ ಅಂಗಳವೆಲ್ಲ ಸುತ್ತಿ, ಬೆವರು ಒರೆಸಿಕೊಂಡು ಒಳಗೆ ಬಂದರು. "ಮೇಲಿನವರಿಗೆ ನಾನೇ ಹೇಳ್ತೀನಿ" ಅಂದರು. ಆ ಮನುಷ್ಯನ ಬಗ್ಗೆ ಇಷ್ಟು ದಿನ ಏನೇನೋ ಅಂದುಕೊಂಡಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹಿಂದಿನಿಂದ ಒಬ್ಬಳು ಗೆಡ್ಡೆಯ ಬಯಲಿನ ವಿಷಯ ಎತ್ತಿ ಗಟ್ಟಿಯಾಗಿ ಮಾತಾಡಿದಳು. ಅಕ್ಕ ಯಾರನ್ನು ಕೇಳಿ ಅದನ್ನು ಬಿಟ್ಟುಕೊಟ್ಟಳು ಅಂತ. ಅಕ್ಕ ತಲೆ ತಗ್ಗಿಸಿ ಕೇಳಿದಳು, ಎದುರಾಡಲಿಲ್ಲ. ಹೆಂಗಸರೆಲ್ಲ ಹೊರಗೆ ಹೋಗಿ ಬೇರೆಯಾಗಿ ಕೂತು ಮಾತಾಡಿದರು. ಗಂಡಸರೂ ನಾವೂ ಮಕ್ಕಳ ಹಾಗೆ ಬೆಂಚಿನ ಮೇಲೆ ಕಾಯುತ್ತಾ ಕೂತೆವು. ಒಂದು ಗಂಟೆಯ ಮೇಲೆ ಬಂದು ಹೇಳಿದರು. ಅಂಚಿನ ಮಣ್ಣನ್ನು ಗೆಡ್ಡೆ ಸಮೇತ ಎತ್ತಿ, ತಾವು ತೋರಿಸಿದ ಕಡೆ ಹಾಕಬೇಕು. ಅದು ಚಿಗುರಿದ್ದನ್ನು ಕಂಡ ಮೇಲೆ ರಸ್ತೆ ಕಡಿಯಬೇಕು. ಎಂಜಿನಿಯರ್ ಬರೆದುಕೊಂಡಳು. ಚಿಗುರದಿದ್ದರೆ, ಅಂತ ಆ ಹೆಂಗಸು ಕೇಳಿದಳು. ಎಂಜಿನಿಯರ್ ಅದನ್ನೂ ಬರೆದುಕೊಂಡಳು.

ಏಪ್ರಿಲ್ 26, ಶನಿವಾರ

ಮೂರು ವಾರ ಗೆಡ್ಡೆ ಕಾಯುವುದೇ ಕೆಲಸ. ಸರ್ವೇಯರ್ ಆಗಿ ಇಂಥ ಕೆಲಸ ಮಾಡಿರಲಿಲ್ಲ. ಇವತ್ತು ಹೊಸ ಜಾಗದಲ್ಲಿ ಎಲೆ ಕಂಡಿತು. ಎಲ್ಲ ಕಡೆ ಅಲ್ಲ, ಅರ್ಧಕ್ಕಿಂತ ಹೆಚ್ಚು. ಆವತ್ತು ಗಟ್ಟಿಯಾಗಿ ಮಾತಾಡಿದವಳು ಬಗ್ಗಿ ನೋಡಿ, "ನೋಡೋಣ" ಅಂದಳಂತೆ.

ಮಗಳ ಜೊತೆ ಒಂದು ಗಂಟೆ ಮಾತಾಡಿದೆ. ಮುಂದಿನ ತಿಂಗಳು ಬಂದು ಹೋಗುತ್ತೇನೆ ಅಂದಳು. ಬಾ ಅಂದೆ. ಕುರ್ಚಿ ಇನ್ನೊಂದು ಕೇಳಬೇಕು.

ಮೇ 11, ಭಾನುವಾರ

ಮಗಳು ನಿನ್ನೆ ಬಂದಳು. ಸಣ್ಣಗಾಗಿದ್ದಾಳೆ. ಕೂದಲು ಕತ್ತರಿಸಿಕೊಂಡಿದ್ದಾಳೆ, ಚೆನ್ನಾಗಿ ಕಾಣುತ್ತದೆ. ಹಾಗಂತ ಹೇಳಿದೆ ಕೂಡ.

ಬೆಳಗ್ಗೆ ಇಬ್ಬರೂ ಶಾಲೆಯ ಕಡೆ ಹೋದೆವು. ಅಕ್ಕ ಜಗಲಿಯ ಮೇಲಿದ್ದಳು, ಟೀಚರ್ ಒಳಗೆ ಕಪ್ಪು ಹಲಗೆ ಒರೆಸುತ್ತಿದ್ದಳು. ದೂರದಲ್ಲಿ ಗುಡ್ಡದ ಬೆನ್ನಿನ ಮೇಲೆ ಹೊಸ ರಸ್ತೆಯ ಕೆಂಪು ಮಣ್ಣು ಕಾಣುತ್ತಿತ್ತು. ಅಕ್ಕ ಮಗಳನ್ನು ಹತ್ತಿರ ಕರೆದು ಕೂರಿಸಿಕೊಂಡು, ಅವಳ ಮುಖವನ್ನೂ ನನ್ನ ಮುಖವನ್ನೂ ಒಂದಾದ ಮೇಲೊಂದು ನೋಡಿ ಏನೋ ಅಂದಳು.

"ಹಣೆ ನೋಡಿದರೆ ಯಾರ ಮಗಳು ಅಂತ ಕೇಳಬೇಕಾಗಿಲ್ಲ ಅಂತೆ" ಅಂದಳು ಟೀಚರ್ ಹೊರಗೆ ಬರುತ್ತಾ.

ಮಗಳು ನಕ್ಕಳು. ಅಕ್ಕ ಇನ್ನೊಂದು ಮಾತು ಕೇಳಿದಳು. ಟೀಚರ್ ಅದನ್ನು ತಿರುಗಿಸದೆ ನನ್ನ ಕಡೆ ನೋಡಿದಳು. ನಾನು ಮನೆಯ ವಿಷಯ ಅವರಿಗೆ ಯಾವತ್ತೂ ಹೇಳಿಲ್ಲ, ಆದರೆ ಟೀಚರಿಗೆ ಹೇಗೋ ಅನುಮಾನ ಬಂದಿರಬೇಕು.

"ಏನು ಕೇಳಿದ್ರು?" ಅಂದಳು ಮಗಳು.

"ಎಷ್ಟು ಮಕ್ಕಳು ಅಂತ" ಅಂದಳು ಟೀಚರ್.

ಮಗಳು ತನ್ನ ಕೈ ನೋಡಿಕೊಂಡಳು. "ಒಬ್ಬಳು" ಅಂದಳು.

ಅಕ್ಕ ತಲೆಯಾಡಿಸಿದಳು. ಎಲ್ಲಿದ್ದಾಳೆ, ಎಷ್ಟು ವರ್ಷ ಅಂತ ಕೇಳಲಿಲ್ಲ. ಮಗಳ ಮಣಿಕಟ್ಟನ್ನು ಹಿಡಿದುಕೊಂಡು, ಹಾಗೇ ಹಿಡಿದಿದ್ದಳು. ಒಳಗೆ ಗಾಳಿಗೆ ಪುಸ್ತಕದ ಹಾಳೆಗಳು ಮಗುಚುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಅಕ್ಕ ನನ್ನ ಕಡೆ ತಿರುಗಿ ಅದೇ ದನಿಯಲ್ಲಿ ಏನೋ ಕೇಳಿದಳು.

"ನಿಮಗೆ ಮೊಮ್ಮಕ್ಕಳು ಎಷ್ಟು ಅಂತಿದಾರೆ ಸಾರ್" ಅಂದಳು ಟೀಚರ್.

"ಒಬ್ಬಳು" ಅಂದೆ.